ಇಬ್ಬರಿಗೆ ಒಂದು ಚಾಕು

ಮೊಮೊಸೆ ಫುಸಾಯೆಗೆ ಆ ತಕ್ಕಡಿಯನ್ನು ಕಂಡರೆ ಆಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಹಿಟ್ಟು ತೂಗುವಂಥ ಅಂಗೈಯಗಲದ ತಕ್ಕಡಿ ಅದು. ಅಂಗಡಿಯ ಮೇಜಿನ ಮೇಲೆ ದೇವರ ಹಾಗೆ ಕೂತು ಬಂದವರಿಂದೆಲ್ಲ ಪೂಜೆ ಮಾಡಿಸಿಕೊಳ್ಳುತ್ತಿತ್ತು. ಓಮಾಚಿ ಸ್ಟೇಷನ್ನಿನ ಎದುರು ಬೀದಿಯಲ್ಲಿ ಅವಳು ಬೆಟ್ಟ ಹತ್ತುವವರ ಸಾಮಾನು ಮಾರಲು ಶುರುಮಾಡಿ ಮೂವತ್ತೆಂಟು ವರ್ಷವಾಗಿತ್ತು. ಮೊದಲೆಲ್ಲ ಗಿರಾಕಿಗಳು ಬೂಟು ಬಗ್ಗಿಸಿ ನೋಡುತ್ತಿದ್ದರು, ಹಗ್ಗ ಜಗ್ಗಿ ನೋಡುತ್ತಿದ್ದರು, ಒಲೆ ಹೊತ್ತಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಈಗ ಏನು ಕೊಟ್ಟರೂ ಮೊದಲು ತಕ್ಕಡಿಗೆ. ಚಮಚ ತೂಗುತ್ತಾರೆ, ಕಾಲುಚೀಲ ತೂಗುತ್ತಾರೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದು ಮತ್ತೆ ತೂಗುತ್ತಾರೆ. ತಮ್ಮ ಹೊಟ್ಟೆಯನ್ನು ಮಾತ್ರ ಯಾರೂ ತೂಗುವುದಿಲ್ಲ.

ತಕ್ಕಡಿ ಇಡದಿದ್ದರೆ ಗಿರಾಕಿಗಳು ಸೀದಾ ಮತ್ಸುಮೊಟೊ ಪಟ್ಟಣದ ದೊಡ್ಡ ಅಂಗಡಿಗೆ ಹೋಗುತ್ತಾರೆಂದು ಹಲ್ಲು ಕಚ್ಚಿ ಇಟ್ಟುಕೊಂಡಿದ್ದಳು, ಅಷ್ಟೆ.

ಈ ಪೂಜೆಯನ್ನು ಊರಿಗೆಲ್ಲ ಹಬ್ಬಿಸಿದವನ ಹೆಸರು ಅರಿಮುರ. ಬೆಟ್ಟ ಹತ್ತುವವರ ಒಂದು ಮಾಸಪತ್ರಿಕೆಯಲ್ಲಿ ಹನ್ನೆರಡು ವರ್ಷದಿಂದ ‘ಹಗುರ ನಡಿಗೆ’ ಎಂಬ ಅಂಕಣ ಬರೆಯುತ್ತಿದ್ದ. ಮೇಲುಗಡೆ ಅವನ ಫೋಟೊ, ಕೈಯಲ್ಲಿ ತಕ್ಕಡಿ, ಮುಖದಲ್ಲಿ ನಗು. ಫುಸಾಯೆ ಅದನ್ನು ಒಂದು ತಿಂಗಳೂ ಬಿಡದೆ ಓದುತ್ತಿದ್ದಳು. ಓದಿ ಮೈಯೆಲ್ಲ ಉರಿಸಿಕೊಂಡು, ಪತ್ರಿಕೆಯನ್ನು ಸೀಮೆಎಣ್ಣೆ ಒಲೆಯ ಕೆಳಗೆ ಹಾಸುತ್ತಿದ್ದಳು.

ಅವಳಿಗೆ ಆ ಮನುಷ್ಯ ಗೊತ್ತಿದ್ದ. ಮೂವತ್ತೊಂದು ವರ್ಷದ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ, ಅವಳ ತಮ್ಮ ಶುಂಜಿಯ ಜೊತೆ ಒಂದೇ ಡೇರೆಯಲ್ಲಿ ಮಲಗಿದ್ದವನು ಅವನೇ.

ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅಂಗಡಿಯ ಬಾಗಿಲು ಸರಿಯಿತು. ಇಪ್ಪತ್ತೆರಡು ವರ್ಷದ ಒಂದು ಹುಡುಗಿ ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದಳು. ಗಾಳಿಗೆ ಕೆಂಪಾದ ಮೂಗು, ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಪಟ್ಟಿ.

"ಆಂಟಿ, ನಿಮ್ಮಲ್ಲಿರೋದ್ರಲ್ಲಿ ಎಲ್ಲಕ್ಕಿಂತ ಹಗುರದ ಚಾಕು ಯಾವುದು?"

"ಏನು ಕೊಯ್ಯೋಕೆ?"

"ಕೊಯ್ಯೋಕೆ ಅಂತೇನಿಲ್ಲ. ಪಟ್ಟೀಲಿದೆ."

"ಹಾಗಾದ್ರೆ ಪಟ್ಟೀನೇ ತಗೊಂಡು ಹೋಗು. ಅದು ಇನ್ನೂ ಹಗುರ."

ಹುಡುಗಿ ಕಿಸಕ್ಕನೆ ನಕ್ಕಳು. ಬೈದರೂ ನಗುವ ಗಿರಾಕಿ ಸಿಕ್ಕಿ ಬಹಳ ದಿನವಾಗಿದ್ದರಿಂದ ಫುಸಾಯೆ ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಒಂದು ಮಡಚುವ ಚಾಕು ಕೊಟ್ಟಳು. ಕಿರುಬೆರಳಿನಷ್ಟು ಉದ್ದ. ತಕ್ಕಡಿಯ ಮೇಲಿಟ್ಟರೆ ಹದಿನೆಂಟು ಗ್ರಾಂ. ಹುಡುಗಿ ಅಷ್ಟಕ್ಕೇ ನಂಬಲಿಲ್ಲ. ತನ್ನ ಚೀಲದಿಂದ ತನ್ನದೇ ತಕ್ಕಡಿ ತೆಗೆದು ಇನ್ನೊಮ್ಮೆ ತೂಗಿದಳು. ಫುಸಾಯೆಯ ಕಣ್ಣು ಕಿರಿದಾಯಿತು.

"ನನ್ನ ತಕ್ಕಡಿ ಸುಳ್ಳು ಹೇಳುತ್ತಾ?"

"ಅಯ್ಯೋ ಹಾಗಲ್ಲ ಆಂಟಿ! ಅಭ್ಯಾಸ. ನಮ್ಮನೇಲಿ ಎಲ್ಲಾನೂ ಎರಡು ಸಲ ತೂಗ್ತೀವಿ."

"ಎಲ್ಲಿಗೆ ಹೊರಟಿದೀಯ?"

"ಕಾಶಿಮಾಗೆ. ಹೊಸ ವರ್ಷದ ರಜೆಗೆ. ನಾನು ಮತ್ತೆ ತೊಮೊಕ ಅಂತ, ನಮ್ಮ ಕಾಲೇಜು ಕ್ಲಬ್ಬಿನವಳು. ಇಬ್ಬರೇ."

ಕಾಶಿಮಾ ಎಂದ ಕೂಡಲೇ ಫುಸಾಯೆಯ ಕೈ ಪೆಟ್ಟಿಗೆಯ ಗಾಜಿನ ಮೇಲೇ ನಿಂತಿತು. ಶುಂಜಿ ಹೋಗಿ ವಾಪಸು ಬಾರದ ಬೆಟ್ಟ ಅದೇ.

"ಹಿಮದ ಬೆಟ್ಟಕ್ಕೆ ಚಾಕು ಯಾಕೆ ಒಯ್ಯಬೇಕು, ಗೊತ್ತಾ?"

"ಸಾಸೇಜು ಕುಯ್ಯೋಕೆ?"

"ಸಾಸೇಜನ್ನ ಹಲ್ಲಲ್ಲಿ ಕಚ್ಚು. ದೇವರು ಯಾಕೆ ಕೊಟ್ಟಿದಾನೆ ಹಲ್ಲು? ಚಾಕು ಇರೋದು ಡೇರೆ ಕುಯ್ಯೋಕೆ. ಮಲಗಿದ್ದಾಗ ಮೇಲಿಂದ ಹಿಮ ಜಾರಿ ಬಂತು ಅಂದ್ರೆ ಜಿಪ್ಪು ಎಲ್ಲಿದೆ ಅಂತ ಹುಡುಕೋಕೆ ಆಗಲ್ಲ. ಬಟ್ಟೆ ಮುಖಕ್ಕೆ ಅಂಟಿಕೊಳ್ಳುತ್ತೆ. ಮುಖದ ಮುಂದೇನೇ ಕುಯ್ಕೋಬೇಕು. ಅದಕ್ಕೇ ದಾರದಲ್ಲಿ ಕಟ್ಟಿ, ಕುತ್ತಿಗೆಗೆ ಹಾಕ್ಕೊಂಡು ಮಲಗೋದು. ಇದನ್ನ ನಿಮ್ಮ ಕ್ಲಬ್ಬಿನ ಹಿರಿಯರು ಹೇಳಿಕೊಡಲಿಲ್ವಾ?"

"ಹೇಳಿದಾರೆ. ಅದಕ್ಕೇ ಪಟ್ಟೀಲಿರೋದು," ಎಂದಳು ಹುಡುಗಿ, ಸ್ವಲ್ಪ ಪೆಚ್ಚಾಗಿ.

"ಹಾಗಾದ್ರೆ ಬೂಟು ಬಿಚ್ಚು."

ಬೂಟು ಬಿಚ್ಚಿಸಿದ ಫುಸಾಯೆ ಗೋಡೆಯ ಮೊಳೆಯಿಂದ ಒಂದು ಮಲಗುಚೀಲ ಕಿತ್ತು ಒಲೆಯ ಪಕ್ಕ ನೆಲಕ್ಕೆ ಹಾಸಿದಳು. ಹುಡುಗಿಯನ್ನು ಅದರೊಳಗೆ ತೂರಿಸಿ, ಎದೆಯವರೆಗೆ ಜಿಪ್ಪು ಎಳೆದು, ಹೊರಗುಳಿದ ಎರಡು ಕೈಗೂ ದಪ್ಪ ಉಣ್ಣೆಯ ಕೈಗವಸು ತೊಡಿಸಿದಳು. ಹದಿನೆಂಟು ಗ್ರಾಮಿನ ಚಾಕುವನ್ನು ದಾರದಲ್ಲಿ ಕಟ್ಟಿ ಅವಳ ಎದೆಯ ಮೇಲಿಟ್ಟು, ಬಲಗೈಯ ಮೇಲೆ ತನ್ನ ಮೊಣಕಾಲು ಊರಿ ಕೂತುಬಿಟ್ಟಳು.

"ಆಂಟಿ! ಭಾರ!"

"ಹಿಮ ಇದಕ್ಕಿಂತ ಭಾರ. ಬಿಚ್ಚು ಚಾಕುನ. ನಾನು ಎಣಿಸ್ತೀನಿ."

ಹುಡುಗಿ ಮೊದಲು ನಕ್ಕಳು. ಇಪ್ಪತ್ತು ಎಣಿಸುವ ಹೊತ್ತಿಗೆ ನಗು ನಿಂತಿತ್ತು. ಒಂದೇ ಕೈಯಲ್ಲಿ, ಕೈಗವಸಿನ ದಪ್ಪ ಬೆರಳಲ್ಲಿ, ಉಗುರು ಸಿಕ್ಕಿಸಿ ಎಳೆಯಬೇಕಾದ ಆ ಸಣ್ಣ ಗೀರು ಸಿಕ್ಕುವುದೇ ಇಲ್ಲ. ಚಾಕು ಮೀನಿನ ಹಾಗೆ ಜಾರಿತು. ಮೂವತ್ತಕ್ಕೆ ಹಲ್ಲಿನಿಂದ ಕಚ್ಚಿ ನೋಡಿದಳು. ನಲವತ್ತೈದಕ್ಕೆ ಚಾಕು ಕತ್ತಿನ ಹಿಂದೆ ಹೊರಳಿ ಹೋಯಿತು. ಅರವತ್ತಾದಾಗ ಫುಸಾಯೆ ಎದ್ದಳು.

"ಸತ್ತೆ," ಎಂದಳು.

ಆಮೇಲೆ ಕೆಳಗಿನ ಖಾನೆಯಿಂದ ಇನ್ನೊಂದು ಚಾಕು ತೆಗೆದಳು. ಮಡಚುವುದಿಲ್ಲ, ಥಳಕಿಲ್ಲ, ಬೆರಳುದ್ದದ ಅಲಗು, ಗಟ್ಟಿ ಒರೆ. ಒರೆಯನ್ನು ತಲೆಕೆಳಗಾಗಿ ದಾರಕ್ಕೆ ಕಟ್ಟಿದರೆ ಹಿಡಿ ಗಲ್ಲದ ಕೆಳಗೇ ಬರುತ್ತದೆ, ಒಂದು ಸಲ ಕೆಳಕ್ಕೆ ಎಳೆದರೆ ಅಲಗು ಕೈಯಲ್ಲಿ. ಮತ್ತೆ ಮೊಣಕಾಲು ಊರಿದಳು. ಹುಡುಗಿ ಮೂರು ಎಣಿಸುವುದರೊಳಗೆ ಚಾಕು ಎಳೆದು, ಮುಖದ ಮುಂದೆ ಹಿಡಿದು, ಕಣ್ಣರಳಿಸಿ ನೋಡಿದಳು.

"ಎಷ್ಟು ಗ್ರಾಂ ಇದು?"

"ಅರವತ್ತೆರಡು. ಬಾಯಿ ಮುಚ್ಕೊಂಡು ತಗೋ. ನಿನ್ನ ಗೆಳತೀಗೆ ಚಾಕು ಆಗಲೇ ಇದೆಯಾ, ಇಲ್ಲಾ ಅವಳಿಗೂ ಇದೇ ಕೊಡಲಾ?"

"ಅವಳಿಗೆ ಬೇಡ ಆಂಟಿ. ಇಬ್ಬರಿಗೆ ಒಂದು. ಒಂದೇ ಡೇರೆ ಅಲ್ವಾ, ಒಬ್ಬರು ಕುಯ್ದ್ರೆ ಸಾಕು. ಎರಡು ಚಮಚಕ್ಕೆ ಒಂದು, ಎರಡು ಬಟ್ಟಲಿಗೆ ಒಂದು, ಎರಡು ಚಾಕುಗೆ ಒಂದು. ಅಪ್ಪ ಅವರ ಕಾಲದಿಂದಾನೂ ಹೀಗೇ ಮಾಡ್ತಾ ಬಂದಿದಾರೆ."

ಒಲೆಯ ಮೇಲಿನ ಕೆಟಲ್ಲು ಕುದಿಯುತ್ತಿತ್ತು. ಫುಸಾಯೆಗೆ ಅದೂ ಕೇಳಿಸಲಿಲ್ಲ.

"ನಿಮ್ಮಪ್ಪ ಯಾರು?"

"ಅರಿಮುರ ಅಂತ. ‘ಹಗುರ ನಡಿಗೆ’ ಬರೀತಾರಲ್ಲ, ಅವರೇ. ನಾನು ಕಾಹೊ. ಅಪ್ಪ ಇಲ್ಲೇ ಹೊರಗೆ ಕಾರಲ್ಲಿದಾರೆ. ಈ ಅಂಗಡಿ ಬೇಡ, ಮತ್ಸುಮೊಟೊಗೇ ಹೋಗೋಣ ಅಂತಿದ್ರು. ನಾನೇ ಬೋರ್ಡು ನೋಡಿ ಹಟ ಮಾಡಿ ಇಳಿದೆ."

ಶುಂಜಿ ಸತ್ತ ಮೇಲೆ ಅವನ ಕಾಲೇಜಿನ ಬೆಟ್ಟ ಹತ್ತುವ ಕ್ಲಬ್ಬು ಒಂದು ನೆನಪಿನ ಪುಸ್ತಕ ಅಚ್ಚು ಹಾಕಿಸಿತ್ತು. ಅದರಲ್ಲಿ ಬದುಕಿ ಬಂದವನ ವರದಿ ಇತ್ತು. ಬೆಳಗಿನ ಜಾವ ಹಿಮ ಜಾರಿತೆಂದೂ, ತಾನು ಡೇರೆ ಕೊಯ್ದು ಹೊರಬಂದೆನೆಂದೂ, ಬರಿಗೈಯಲ್ಲಿ ಎರಡು ಗಂಟೆ ಅಗೆದೆನೆಂದೂ ಅರಿಮುರ ಬರೆದಿದ್ದ. ನಡುವೆ ಒಂದು ಸಾಲು: ‘ಮೊಮೊಸೆ ಅಂದು ತನ್ನ ಚಾಕು ತರಲು ಮರೆತಿದ್ದ.’ ಶುಂಜಿಯ ಬಾಯಿಯ ಹತ್ತಿರ ಡೇರೆಯ ಬಟ್ಟೆಯ ಮೇಲೆ ಹಲ್ಲಿನ ಗುರುತಿತ್ತೆಂದು ಪೊಲೀಸಿನವರು ಹೇಳಿದ್ದರು. ಅದು ಪುಸ್ತಕದಲ್ಲಿ ಇರಲಿಲ್ಲ.

ಆ ಒಂದು ಸಾಲನ್ನು ಫುಸಾಯೆಯ ಅಮ್ಮ ಬಾಯಿಪಾಠ ಮಾಡಿದ್ದಳು. ಪ್ರತಿ ವರ್ಷ ಮಗ ಸತ್ತ ದಿನ, ಮನೆಯಲ್ಲಿ ತೀರಿಕೊಂಡವರನ್ನು ಪೂಜಿಸುವ ಹಿರಿಯರ ಗೂಡಿನ ಮುಂದೆ ಕೂತು, ಅವನ ಫೋಟೊಕ್ಕೆ ಚಹಾ ಇಟ್ಟು, ಗಂಟೆ ಬಾರಿಸಿ, ಬೈಯುತ್ತಿದ್ದಳು. "ಮರೆಗುಳಿ. ಚಿಕ್ಕವನಿದ್ದಾಗ ಛತ್ರಿ ಮರೆತು ಬರ್ತಿದ್ದೆ, ಊಟದ ಡಬ್ಬಿ ಮರೆತು ಬರ್ತಿದ್ದೆ. ಚಾಕು ಇಟ್ಕೊಂಡ್ಯೇನೋ ಅಂತ ಒಂದು ಮಾತು ಕೇಳೋಕೆ ನಂಗಾದ್ರೂ ಏನಾಗಿತ್ತು?" ಇಪ್ಪತ್ತಾರು ವರ್ಷ ಮಗನನ್ನೂ ತನ್ನನ್ನೂ ಬೈದುಕೊಂಡು ಅವಳು ತೀರಿಕೊಂಡಳು. ಅರಿಮುರ ಪ್ರತಿ ಡಿಸೆಂಬರಿನಲ್ಲಿ ಒಂದು ಪೆಟ್ಟಿಗೆ ಕಿತ್ತಳೆ ಕಳಿಸುತ್ತಿದ್ದ. ಅಮ್ಮ ಅದನ್ನು ಸುಲಿದು ತಿನ್ನುತ್ತ, "ಎಷ್ಟು ಒಳ್ಳೇ ಹುಡುಗ," ಎನ್ನುತ್ತಿದ್ದಳು. ಫುಸಾಯೆ ಒಂದು ಎಸಳನ್ನೂ ಬಾಯಿಗೆ ಹಾಕಿರಲಿಲ್ಲ.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಅಪಘಾತವಾಗಿ ಎರಡು ವಾರಕ್ಕೆ, ಬೆಟ್ಟದ ಬುಡದ ಛತ್ರದವರು ಹುಡುಗರು ಬಿಟ್ಟುಹೋಗಿದ್ದ ಒಂದು ಬಟ್ಟೆಚೀಲವನ್ನು ಮನೆಗೆ ತಲುಪಿಸಿದ್ದರು. ಒಳಗೆ ಒಂದು ಚಮಚ, ಒಂದು ಬಟ್ಟಲು, ಅರ್ಧ ಮುರಿದ ಮೇಣದ ಬತ್ತಿ, ಶುಂಜಿಯ ಚಾಕು. ಚಾಕುವಿನ ದಾರವನ್ನು ನೀಟಾಗಿ ಎಂಟರ ಆಕಾರದಲ್ಲಿ ಸುತ್ತಿ ಗಂಟು ಹಾಕಿತ್ತು. ಮರೆತವನು ದಾರ ಸುತ್ತಿಡುವುದಿಲ್ಲ. ಅದು ಮರೆತ ಸಾಮಾನಿನ ಚೀಲವಲ್ಲ, ಭಾರವೆಂದು ತೆಗೆದಿಟ್ಟ ಸಾಮಾನಿನ ಚೀಲ. ಫುಸಾಯೆ ಅರಿಮುರನಿಗೆ ಮೂರು ಕಾಗದ ಬರೆದಿದ್ದಳು. ಮೂರಕ್ಕೂ ಉತ್ತರವಿಲ್ಲ. ಅಮ್ಮನಿಗೆ ಒಮ್ಮೆ ಹೇಳಿದ್ದಕ್ಕೆ, "ಸತ್ತವನ ತಪ್ಪನ್ನ ಬದುಕಿದವನ ತಲೆಗೆ ಕಟ್ಟಬೇಡ," ಎಂದು ಬೈಸಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಒಂದು ಪದ ಅಳಿಸುವುದು, ಅಷ್ಟೇ. ಅದನ್ನು ಬರೆದ ಕೈಯೇ ಅಳಿಸಬೇಕಿತ್ತು.

ಫುಸಾಯೆ ಏಪ್ರನ್ನಿನಲ್ಲೇ, ಮನೆಯೊಳಗಿನ ಚಪ್ಪಲಿಯಲ್ಲೇ, ಹಿಮದ ಬೀದಿಗೆ ನಡೆದಳು. ಬೂದುಬಣ್ಣದ ಕಾರಿನೊಳಗೆ, ಗಾಜು ಏರಿಸಿಕೊಂಡು, ಪತ್ರಿಕೆಯ ಫೋಟೊದ ಮುಖ ಕೂತಿತ್ತು. ನಗು ಮಾತ್ರ ಇರಲಿಲ್ಲ. ಅವಳು ಬೆರಳ ಗೆಣ್ಣಿನಿಂದ ಗಾಜಿಗೆ ಬಡಿದಳು. ಅವನು ಮುಂದೆ ನೋಡಿದ. ಅವಳು ಅಂಗೈಯಿಂದ ಬಡಿದಳು. ಆಚೆ ಮಿಠಾಯಿ ಅಂಗಡಿಯವಳು ಬಾಗಿಲಿಗೆ ಬಂದು ನಿಂತಳು.

"ಇಳಿ ಕೆಳಗೆ," ಎಂದಳು ಫುಸಾಯೆ. "ಇಳೀತೀಯೋ, ಇಲ್ಲಾ ನಿನ್ನ ಕಾರನ್ನೂ ಕುಯ್ದು ತೆಗೀಲೋ?"

ಅವನು ಇಳಿದ. ಐವತ್ಮೂರರ ಗಂಡಸು, ತೆಳ್ಳಗಿನ ಬೆಲೆಬಾಳುವ ಕೋಟು, ಬಗ್ಗಿದ ತಲೆ. "ಮೊಮೊಸೆ ಅವರೇ... ಬಹಳ ವರ್ಷ ಆಯ್ತು. ಬಂದು ಮಾತಾಡಿಸಬೇಕಿತ್ತು."

"ಮಾತಾಡೋದು ಒಳಗೆ. ಮಗಳ ಮುಂದೆ."

ಒಳಗೆ ಕಾಹೊ ಮಲಗುಚೀಲದಿಂದ ಎದ್ದು ಬರೀ ಕಾಲುಚೀಲದಲ್ಲಿ ನಿಂತಿದ್ದಳು, ಕುತ್ತಿಗೆಯಲ್ಲಿ ಅರವತ್ತೆರಡು ಗ್ರಾಂ ಚಾಕು. ಅಪ್ಪನ ಮುಖ ನೋಡಿ, ಆಂಟಿಯ ಮುಖ ನೋಡಿ, ಏನೋ ಕೆಟ್ಟದ್ದಾಗಿದೆ ಎಂದು ಅವಳಿಗೆ ಅರ್ಥವಾಯಿತು.

"ಇದೇ ಕಾಶಿಮಾದಲ್ಲಿ ನಿಮ್ಮಪ್ಪನ ಜೊತೆ ಮಲಗಿದ್ದವನು ನನ್ನ ತಮ್ಮ," ಎಂದಳು ಫುಸಾಯೆ. "ಅವನು ಯಾಕೆ ಹೊರಗೆ ಬರಲಿಲ್ಲ, ಗೊತ್ತಾ ನಿಂಗೆ?"

"ಗೊತ್ತು ಆಂಟಿ," ಕಾಹೊ ಮೆಲ್ಲಗೆ ಹೇಳಿದಳು. "ಚಾಕು ಮರೆತು ಬಂದಿದ್ರಂತೆ. ಅಪ್ಪ ಯಾವಾಗ್ಲೂ ಹೇಳ್ತಾರೆ, ಪಟ್ಟಿ ಮಾಡು, ಇಲ್ಲಾಂದ್ರೆ ಮೊಮೊಸೆ ಥರ ಮರೀತೀಯ ಅಂತ."

ಮನೆ ಮಗಳಿಗೆ ಬುದ್ಧಿ ಹೇಳಲು ಇವನು ತನ್ನ ತಮ್ಮನನ್ನು ಬಳಸಿಕೊಂಡಿದ್ದ! ಫುಸಾಯೆಗೆ ಮೂವತ್ತೊಂದು ವರ್ಷದಲ್ಲಿ ಇಷ್ಟು ಕೋಪ ಬಂದಿರಲಿಲ್ಲ. ಅರಿಮುರನ ಕಡೆ ತಿರುಗಿದಳು.

"ಕೇಳಿಸ್ತಾ? ಈಗ ಹೇಳು. ಮರೆತಿದ್ನಾ?"

ಅರಿಮುರ ಕೋಟಿನ ಕೊರಳಪಟ್ಟಿಯನ್ನು ಮೇಲೆಳೆದುಕೊಂಡ. "ಅಷ್ಟು ಹಳೇದು... ನಾನು ಆಗ ಇಪ್ಪತ್ತೆರಡು ವರ್ಷದವನು..."

"ಅವನಿಗೂ ಇಪ್ಪತ್ತೆರಡು! ಆಮೇಲೆ ಇಪ್ಪತ್ಮೂರು ಆಗಲೇ ಇಲ್ಲ ಅವನಿಗೆ. ಕುತ್ತಿಗೆಗೆ ಏನು ಮುಚ್ಚಿಕೊಳ್ತಿದೀಯ?"

"ತಾಯಿತ ಆಂಟಿ ಅದು," ಎಂದಳು ಕಾಹೊ, ಅಪ್ಪನನ್ನು ಕಾಪಾಡುವ ಆತುರದಲ್ಲಿ. "ಅಪ್ಪ ಮನೇಲಿ ಹಾಸಿಗೇಲೂ ತೆಗೆಯಲ್ಲ. ಸ್ನಾನಕ್ಕೆ ಮಾತ್ರ."

ಹಾಸಿಗೆಯಲ್ಲೂ ತೆಗೆಯದ ತಾಯಿತ. ಫುಸಾಯೆ ಎರಡು ಹೆಜ್ಜೆ ಮುಂದೆ ಹೋಗಿ ಅವನ ಕುತ್ತಿಗೆಯ ದಾರಕ್ಕೆ ಬೆರಳು ಹಾಕಿ ಎಳೆದಳು. ಅವನು ತಡೆಯಲಿಲ್ಲ. ಅಂಗಿಯೊಳಗಿಂದ ಬೆಚ್ಚಗಿನ ಒಂದು ಹಳೆಯ ಚಾಕು ಹೊರಬಂತು. ಮರದ ಹಿಡಿ, ಬೆವರು ಕುಡಿದು ಕಪ್ಪಾದ ಚರ್ಮದ ಒರೆ. ಇದೇ ಅಂಗಡಿಯಿಂದ, ಶುಂಜಿಯ ಚಾಕುವಿನ ಜೊತೆಗೇ ಕೊಂಡದ್ದು. ಫುಸಾಯೆಯೇ ಇಬ್ಬರಿಗೂ ಕಟ್ಟಿಕೊಟ್ಟಿದ್ದಳು. ಅದನ್ನು ಅವನ ಕುತ್ತಿಗೆಯಿಂದ ತೆಗೆದು, ಮೇಜಿಗೆ ಹೋಗಿ, ತಕ್ಕಡಿಯ ಮೇಲಿಟ್ಟಳು.

"ತೊಂಬತ್ತೊಂದು ಗ್ರಾಂ," ಎಂದಳು. "ಓದುವವರಿಗೆಲ್ಲ ಚಮಚದ ಹಿಡಿ ಮುರೀರಿ ಅಂತ ಬರೀತೀಯ. ಮಗಳಿಗೆ ಹದಿನೆಂಟು ಗ್ರಾಂ ಸಾಕು ಅಂತೀಯ. ಅವಳ ಗೆಳತಿಗೆ ಅದೂ ಬೇಡ. ನಿನಗೆ ಮಾತ್ರ ನಿನ್ನ ಮನೇಲಿ, ಹೆಂಡತಿ ಪಕ್ಕದಲ್ಲಿ, ಹೊದಿಕೆ ಹೊದ್ದು ಮಲಗೋಕೂ ತೊಂಬತ್ತೊಂದು ಗ್ರಾಂ! ನಾಚಿಕೆ ಆಗಲ್ವಾ ನಿಂಗೆ?"

ಕಾಹೊ ತಕ್ಕಡಿಯನ್ನೇ ನೋಡುತ್ತಿದ್ದಳು.

"ಅಪ್ಪಾ," ಎಂದಳು. "ಅದು ತಾಯಿತ ಅಂದಿದ್ರಲ್ಲ."

ಅರಿಮುರನ ಬಾಯಿ ಬಿಡಿಸಿದ್ದು ಫುಸಾಯೆಯ ಬೈಗುಳವಲ್ಲ, ಆ ಒಂದು ಮಾತು.

"ಛತ್ರದಲ್ಲಿ ತೂಕ ಜಾಸ್ತಿ ಆಯ್ತು," ಎಂದ. "ಒಂದೊಂದೇ ತೆಗೆದಿಡ್ತಾ ಹೋದ್ವಿ. ಇಬ್ಬರಿಗೆ ಒಂದು ಚಾಕು ಸಾಕು ಅಂತ ನಾನೇ ಹೇಳಿದ್ದು. ನನ್ನದು ಕುತ್ತಿಗೇಲಿತ್ತು, ಅವನದು ಕೈಯಲ್ಲಿತ್ತು. ಹಾಗಾಗಿ ಅವನದು ಚೀಲಕ್ಕೆ ಹೋಯ್ತು. ಅವನೂ ಒಪ್ಪಿದ, ಅಕ್ಕಾ. ನಗ್ತಾ ಒಪ್ಪಿದ."

"ಒಪ್ಪಿದ. ಹೌದು. ಒಪ್ಪಿದ ಅಂತ ಬರೀಬೇಕಿತ್ತು. ಮರೆತ ಅಂತ ಯಾಕೆ ಬರೆದೆ?"

"ತಲೆಗೊಂದು ಚಾಕು ಅನ್ನೋದು ಕ್ಲಬ್ಬಿನ ನಿಯಮ. ಹಿರಿಯರು ಸುತ್ತಲೂ ಕೂತು ಕೇಳಿದ್ರು. ಬಾಯಿಗೆ ಅದೇ ಬಂತು. ಒಂದು ಸಲ ಹೇಳಿದ ಮೇಲೆ..."

ಫುಸಾಯೆಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ, ಬರಲಿಲ್ಲ. ಅವಳು ಒಳಕೋಣೆಗೆ ಹೋಗಿ ಹಿರಿಯರ ಗೂಡಿನ ಕೆಳಗಿನ ಖಾನೆಯಿಂದ ನೆನಪಿನ ಪುಸ್ತಕ ತಂದಳು. ಅಮ್ಮನ ಬೆರಳು ಸವರಿ ಸವರಿ ಆ ಪುಟದ ಅಂಚು ಕಂದಿ ಹೋಗಿತ್ತು. ಬೇರೆ ಪುಟಗಳೆಲ್ಲ ಹೊಸದರಂತಿದ್ದವು. ಪುಸ್ತಕವನ್ನು ತಕ್ಕಡಿಯ ಪಕ್ಕ ಬಿಡಿಸಿಟ್ಟು ಪೆನ್ನು ಕೊಟ್ಟಳು.

"ಹೊಡೆದು ಹಾಕು. ನಿನ್ನ ಕೈಯಿಂದಲೇ. ಸರಿಯಾದ್ದು ಬರಿ, ನಿನ್ನ ಹೆಸರು ಹಾಕು. ಮುಂದಿನ ತಿಂಗಳು ನಿನ್ನ ಅಂಕಣದಲ್ಲೂ ಇದೇ ಬರಬೇಕು. ನಾನು ತಪ್ಪದೆ ಓದ್ತೀನಿ, ನೆನಪಿರಲಿ."

ಅವನು ಬರೆಯಲು ಬಹಳ ಹೊತ್ತು ತೆಗೆದುಕೊಂಡ. ಕಾಹೊ ಅವನ ಹೆಗಲ ಪಕ್ಕ ನಿಂತು ಪ್ರತಿ ಅಕ್ಷರವನ್ನೂ ಓದಿದಳು. ಬರೆದು ಮುಗಿಸಿ ಅವನು ನೆಲದ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಲು ಹೋದ.

"ಏಳು ಏಳು," ಎಂದಳು ಫುಸಾಯೆ. "ಅಲ್ಲಿ ಗಿರಾಕಿಗಳ ಬೂಟಿನ ನೀರಿದೆ. ನಿನ್ನ ಹಣೆ ತಗೊಂಡು ನಾನೇನು ಮಾಡಲಿ? ಇನ್ಮೇಲೆ ಕಿತ್ತಳೆ ಕಳಿಸಬೇಡ, ಅಷ್ಟು ಮಾಡು."

ಅವನು ತಕ್ಕಡಿಯ ಮೇಲಿನ ತನ್ನ ಚಾಕುವನ್ನು ನೋಡಿದ, ಮುಟ್ಟಲು ಧೈರ್ಯ ಸಾಲಲಿಲ್ಲ. ಫುಸಾಯೆಯೇ ಅದನ್ನು ಎತ್ತಿ ಅವನ ಕೈಗೆ ತುರುಕಿದಳು. ಅವನು ಬಾಗಿಲು ಸರಿಸಿ ಹೊರಗೆ ಹೋಗಿ ಹಿಮದಲ್ಲಿ ನಿಂತ.

ಕಾಹೊ ಹೋಗಲಿಲ್ಲ. ಹದಿನೆಂಟು ಗ್ರಾಮಿನ ಚಾಕುವಿನ ದಾರ ಬಿಚ್ಚಿ ಗಾಜಿನ ಪೆಟ್ಟಿಗೆಯೊಳಗೆ ವಾಪಸಿಟ್ಟಳು. ಮೇಜಿನ ಮೇಲಿದ್ದ ಪಟ್ಟಿ ಬಿಡಿಸಿ, ಚಾಕುವಿನ ಮುಂದಿದ್ದ ಒಂದು ಎಂಬ ಅಂಕಿಯನ್ನು ಹೊಡೆದು ಎರಡು ಎಂದು ಬರೆದಳು. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಆಂಟಿ, ತೊಮೊಕಾಗೂ ಇದೇ ಕೊಡಿ. ಅವಳ ಕುತ್ತಿಗೆ ನನ್ನದಕ್ಕಿಂತ ದಪ್ಪ. ದಾರ ಸ್ವಲ್ಪ ಉದ್ದ ಇರಲಿ."

ಫುಸಾಯೆ ಖಾನೆಯಿಂದ ಇನ್ನೊಂದು ಚಾಕು ತೆಗೆದು, ದಾರ ಅಳೆದು, ಒರೆಯನ್ನು ತಲೆಕೆಳಗಾಗಿ ಕಟ್ಟಿ, ಗಂಟನ್ನು ಎರಡು ಸಲ ಜಗ್ಗಿ ನೋಡಿ ಕೊಟ್ಟಳು. ತಕ್ಕಡಿಯ ಮೇಲೆ ಇಡಲಿಲ್ಲ. ಹುಡುಗಿಯೂ ತೂಗಲಿಲ್ಲ.

"ನೀನು ಹಾಕ್ಕೊಂಡ ಮೇಲೆ ಮಲಗಬೇಡ," ಎಂದಳು ಫುಸಾಯೆ. "ಅವಳು ಹಾಕ್ಕೊಂಡಿದ್ದನ್ನ ನೋಡಿದ ಮೇಲೆ ಮಲಗು."

ಕಾರು ಹೊರಟುಹೋದ ಮೇಲೆ ಫುಸಾಯೆ ಒದ್ದೆಯಾದ ಚಪ್ಪಲಿ ಬಿಚ್ಚಿ, ಪುಸ್ತಕ ಹಿಡಿದು ಒಳಗೆ ಹೋದಳು. ಹಿರಿಯರ ಗೂಡಿನಲ್ಲಿ ಅಮ್ಮನ ಫೋಟೊ ಶುಂಜಿಯ ಫೋಟೊದ ಪಕ್ಕಕ್ಕೇ ಇತ್ತು. ಐದು ವರ್ಷದಿಂದ ಅವನನ್ನು ಅಲ್ಲೂ ಬೈಯುತ್ತಿದ್ದಾಳೋ ಏನೋ. ಫುಸಾಯೆ ಗಂಟೆ ಬಾರಿಸಿದಳು. ಅಮ್ಮನಿಗೆ ಕೊನೆಕೊನೆಗೆ ಕಿವಿ ಮಂದವಾಗಿತ್ತಾದ್ದರಿಂದ ಬೀದಿಗೆ ಕೇಳಿಸುವಷ್ಟು ಜೋರಾಗಿಯೇ ಓದಿದಳು.

"‘ಮೊಮೊಸೆ ಶುಂಜಿ ಚಾಕು ಮರೆತಿರಲಿಲ್ಲ. ಬಿಟ್ಟು ಹೋಗೋಣ ಎಂದವನು ನಾನು. ಅರಿಮುರ.’ ಕೇಳಿಸ್ತೇನಮ್ಮಾ? ಇನ್ನು ಇವನನ್ನ ಬೈಬೇಡ. ನಿನ್ನನ್ನೂ ಬೈಕೋಬೇಡ."

ಆಮೇಲೆ ಪುಟ ತೆರೆದೇ ಇರುವಂತೆ ಪುಸ್ತಕವನ್ನು ಅಮ್ಮನ ಕಡೆ ತಿರುಗಿಸಿ ಇಟ್ಟು, ಚಹಾಕ್ಕೆ ನೀರು ತರಲು ಎದ್ದಳು.